ಪಿಕಪ್ ವಾಹನಕ್ಕೆ ದೊಡ್ಡ ಟರ್ಬೊ: ಎಳೆತವೆಷ್ಟು, ಅಪಾಯವೆಷ್ಟು?

ಸಾಸ್ತಾನ: ಉಡುಪಿ ಮತ್ತು ಕುಂದಾಪುರಗಳ ನಡುವೆ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಹೊಂದಿಕೊಂಡಿರುವ ಬ್ರಹ್ಮಾವರ ತಾಲ್ಲೂಕಿನ ಈ ಪೇಟೆಯಲ್ಲಿ ಪಿಕಪ್ ವಾಹನ ಅನೇಕ ಕುಟುಂಬಗಳ ಅನ್ನದ ದಾರಿ. ಮಲ್ಪೆ ಮತ್ತು ಗಂಗೊಳ್ಳಿ ಬಂದರುಗಳ ಮೀನು, ಮಂಜುಗಡ್ಡೆ, ತೆಂಗಿನಕಾಯಿ, ಕೆಂಪುಕಲ್ಲು, ಸಿಮೆಂಟು ಎಲ್ಲವೂ ಈ ಪುಟ್ಟ ಗಾಡಿಗಳ ಬೆನ್ನೇರಿಯೇ ಸಾಗಬೇಕು. ಗುಂಡ್ಮಿಯ ಟೋಲ್ ಕೇಂದ್ರವನ್ನು ದಾಟಿ ಉತ್ತರಕ್ಕೋ ದಕ್ಷಿಣಕ್ಕೋ ಹೋಗುವವರೆಗೆ ರಸ್ತೆ ಬಹುತೇಕ ಸಮತಟ್ಟು. ಆದರೆ ಬಾಡಿಗೆ ಶಿವಮೊಗ್ಗದ ಕಡೆಗೆ ಸಿಕ್ಕಿತೆಂದರೆ ಆಗುಂಬೆ, ಬಾಳೆಬರೆ ಅಥವಾ ಕೊಲ್ಲೂರು ಘಾಟಿಯನ್ನು ಹತ್ತಲೇಬೇಕು. ಎಂಜಿನ್ನಿನ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆ.

ಗ್ಯಾರೇಜುಗಳ ಆಡುಮಾತಿನಲ್ಲಿ ‘ಪಿಕಪ್’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ವಾಹನದ ಹೆಸರು, ಇನ್ನೊಂದು ಅದರ ಎಳೆತ. ‘ಗಾಡಿಗೆ ಪಿಕಪ್ ಇಲ್ಲ’ ಎಂಬ ದೂರಿಗೆ ಇಂದು ಹಲವು ಪರಿಹಾರಗಳು ಮಾರಾಟಕ್ಕಿವೆ: ದೊಡ್ಡ ಟರ್ಬೊ, ದೊಡ್ಡ ನಾಝಲ್, ಕಂಪ್ಯೂಟರಿಗೆ ಹೊಸ ತಂತ್ರಾಂಶ, ವೈರಿನ ನಡುವೆ ಜೋಡಿಸುವ ಪುಟ್ಟ ಪೆಟ್ಟಿಗೆ. ಇವುಗಳಲ್ಲಿ ಯಾವುದು ಏನು ಮಾಡುತ್ತದೆ, ಅದಕ್ಕೆ ಎಂಜಿನ್ ಯಾವ ಬೆಲೆ ತೆರುತ್ತದೆ, ಕಾನೂನು ಏನನ್ನುತ್ತದೆ ಎಂಬುದು ಕಂತು ಕಟ್ಟಿ ಗಾಡಿ ಓಡಿಸುವವರಿಗೆ ತಿಳಿದಿರಬೇಕಾದ ಸಂಗತಿ. ಮೊದಲೇ ಹೇಳಬಹುದಾದ ಮಾತೊಂದಿದೆ. ಡೀಸೆಲ್ ಎಂಜಿನ್ನಿಗೆ ಹೆಚ್ಚು ಇಂಧನ ಕೊಡುವುದು ಸುಲಭ. ಆ ಇಂಧನಕ್ಕೆ ತಕ್ಕ ಗಾಳಿಯನ್ನು ಒದಗಿಸುವುದು, ಹುಟ್ಟಿದ ಶಾಖವನ್ನು ಹೊರಹಾಕುವುದು ಮತ್ತು ಹೆಚ್ಚಿದ ವೇಗವನ್ನು ಹಿಡಿದು ನಿಲ್ಲಿಸುವುದು ಕಷ್ಟ.

ಗಾಳಿಯ ಲೆಕ್ಕ

ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಬೇಕಾದರೆ ಸುಮಾರು 14.5 ಕಿಲೋಗ್ರಾಂ ಗಾಳಿ ಬೇಕು. ಒಂದು ಲೀಟರ್ ಡೀಸೆಲಿನ ತೂಕ ಸುಮಾರು 830 ಗ್ರಾಂ. ಹಾಗಾಗಿ ಅದಕ್ಕೆ ಬೇಕಾದ ಗಾಳಿಯ ತೂಕ ಸುಮಾರು 12 ಕಿಲೋಗ್ರಾಂ. ಕರಾವಳಿಯ ಸಾಮಾನ್ಯ ಬಿಸಿಲಿನಲ್ಲಿ ಇದು 10 ಸಾವಿರ ಲೀಟರಿಗೂ ಮಿಕ್ಕಿದ ಗಾಳಿಯಾಗುತ್ತದೆ. ಹೊಗೆಯಿಲ್ಲದೆ ಉರಿಯಬೇಕಾದರೆ ಇದಕ್ಕಿಂತಲೂ ಹೆಚ್ಚು ಗಾಳಿ ಬೇಕು.

ಈ ಭಾಗದಲ್ಲಿ ಹೆಚ್ಚು ಕಾಣಸಿಗುವ ಮಹೀಂದ್ರ ಬೊಲೆರೊ ಪಿಕಪ್‌ನ 2523 ಸಿಸಿ ಎಂಜಿನ್ನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಿಮಿಷಕ್ಕೆ 2000 ಸುತ್ತಿನ ವೇಗದಲ್ಲಿ ಈ ಗಾತ್ರದ ಎಂಜಿನ್, ಟರ್ಬೊ ಇಲ್ಲದಿದ್ದರೆ, ನಿಮಿಷಕ್ಕೆ ಹೆಚ್ಚೆಂದರೆ 2500 ಲೀಟರಿನಷ್ಟು ಗಾಳಿಯನ್ನು ಒಳಗೆಳೆಯಬಲ್ಲದು. ಅಷ್ಟು ಗಾಳಿಯಲ್ಲಿ ಕಾಲು ಲೀಟರಿಗಿಂತ ಕಡಿಮೆ ಡೀಸೆಲ್ ಮಾತ್ರ ಉರಿಯಬಲ್ಲದು. ಅದಕ್ಕೂ ಮೀರಿ ಸುರಿದ ಡೀಸೆಲ್ ಶಕ್ತಿಯಾಗದೆ ಕಪ್ಪು ಹೊಗೆಯಾಗಿ ಹೊರಗೆ ಹೋಗುತ್ತದೆ.

ಈ ಮಿತಿಯನ್ನು ದಾಟುವ ಉಪಾಯವೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಇದರ ಹಕ್ಕುಸ್ವಾಮ್ಯ ಪಡೆದರು. 1920ರ ದಶಕದಲ್ಲಿ ಹಡಗುಗಳ ಡೀಸೆಲ್ ಎಂಜಿನ್‌ಗಳಲ್ಲಿ ಇದು ಯಶಸ್ವಿಯಾಯಿತು. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆಯು ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿನೊಳಕ್ಕೆ ನೂಕುತ್ತದೆ. ಈ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹೊತ್ತು ನಿಲ್ಲಿಸಿರುವುದು ಎಂಜಿನ್ ಆಯಿಲಿನ ತೆಳ್ಳನೆಯ ಪದರ ಮಾತ್ರ.

ಒತ್ತಿದ ಗಾಳಿ ಬಿಸಿಯಾಗುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಹೊರಗಿನ ಒತ್ತಡದ ಎರಡರಷ್ಟಕ್ಕೆ ಒತ್ತಿದರೆ ಅದರ ಉಷ್ಣತೆ 120 ಡಿಗ್ರಿಯ ಆಸುಪಾಸಿಗೆ ಏರಬಹುದು. ಬಿಸಿ ಗಾಳಿ ಹಗುರ, ಅದರಲ್ಲಿ ಆಮ್ಲಜನಕ ಕಡಿಮೆ. ಆದುದರಿಂದಲೇ ಟರ್ಬೊ ಮತ್ತು ಎಂಜಿನ್ ನಡುವೆ ಇಂಟರ್‌ಕೂಲರ್ ಇರುತ್ತದೆ. 120 ಡಿಗ್ರಿಯ ಗಾಳಿಯನ್ನು ಅದು 55 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಎಂಜಿನ್ನಿಗೆ ಶೇಕಡಾ 20ರಷ್ಟು ಹೆಚ್ಚು ಗಾಳಿ ದೊರೆಯುತ್ತದೆ. ದೊಡ್ಡ ಟರ್ಬೊದ ಬಗ್ಗೆ ಮಾತನಾಡುವವರು ಇಂಟರ್‌ಕೂಲರಿನ ಬಗ್ಗೆ ಮಾತನಾಡದಿದ್ದರೆ ಅವರ ಲೆಕ್ಕ ಅರ್ಧ ಮಾತ್ರ.

ಮೈಕೊ ಪಂಪಿನಿಂದ ಕಾಮನ್ ರೈಲ್‌ವರೆಗೆ

ಡೀಸೆಲ್ ಪೂರೈಕೆಯ ಕಥೆಗೆ ಕರ್ನಾಟಕದ ನಂಟು ಹಳೆಯದು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ಮೈಕೊ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಡೀಸೆಲ್ ಪಂಪ್ ಮತ್ತು ನಾಝಲ್‌ಗಳನ್ನು ತಯಾರಿಸಿತು. ಲಾರಿ, ಟ್ರ್ಯಾಕ್ಟರ್, ನೀರೆತ್ತುವ ಎಂಜಿನ್ ಯಾವುದೇ ಇರಲಿ, ‘ಮೈಕೊ ಪಂಪು’ ಎಂಬುದು ಡೀಸೆಲ್ ಪಂಪಿಗೇ ಪರ್ಯಾಯ ಪದವಾಯಿತು. 2008ರಲ್ಲಿ ಕಂಪೆನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು.

ಹಳೆಯ ಪಂಪ್ ಪೂರ್ಣ ಯಾಂತ್ರಿಕ. ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ಅದರೊಳಗಿನ ಸ್ಪ್ರಿಂಗು, ತೂಕ ಮತ್ತು ಸ್ಕ್ರೂಗಳೇ ತೀರ್ಮಾನಿಸುತ್ತಿದ್ದವು. ಗರಿಷ್ಠ ಇಂಧನದ ಸ್ಕ್ರೂವನ್ನು ಪರೀಕ್ಷಾ ಯಂತ್ರದ ಮೇಲೆ ಹೊಂದಿಸಿ ಸೀಲ್ ಮಾಡಲಾಗುತ್ತಿತ್ತು. ಆ ಸೀಲ್ ಒಡೆದು ಸ್ಕ್ರೂ ತಿರುಗಿಸುವುದೇ ಆ ಕಾಲದ ‘ಅಪ್‌ಗ್ರೇಡ್’. ಎಳೆತ ತುಸು ಹೆಚ್ಚುತ್ತಿತ್ತು, ಹೊಗೆ ಬಹಳ ಹೆಚ್ಚುತ್ತಿತ್ತು.

ಈಗಿನ ಪಿಕಪ್‌ಗಳಲ್ಲಿರುವುದು ಕಾಮನ್ ರೈಲ್ ವ್ಯವಸ್ಥೆ. ಅಧಿಕ ಒತ್ತಡದ ಪಂಪ್ ಡೀಸೆಲನ್ನು ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ತುಂಬಿಡುತ್ತದೆ. ಅಲ್ಲಿನ ಒತ್ತಡ ವಾಹನವನ್ನು ಅನುಸರಿಸಿ 1400ರಿಂದ 2000 ಬಾರ್‌ವರೆಗೂ ಏರುತ್ತದೆ. ಕಾರಿನ ಟಯರಿನಲ್ಲಿರುವ ಗಾಳಿಯ ಒತ್ತಡ 2 ಬಾರ್‌ಗಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ ಇದರ ಅಗಾಧತೆ ತಿಳಿಯುತ್ತದೆ. ಇಂಜೆಕ್ಟರಿನ ತುದಿಯಲ್ಲಿರುವ ತೂತುಗಳ ಅಗಲ ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಐದನೆಯ ಒಂದು ಭಾಗದವರೆಗೆ ಮಾತ್ರ. ಯಾವ ಕ್ಷಣದಲ್ಲಿ ಎಷ್ಟು ಡೀಸೆಲ್ ಚಿಮ್ಮಬೇಕು ಎಂಬುದನ್ನು ‘ಇಸಿಯು’ ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಇಂಥ ಸೂಕ್ಷ್ಮ ವ್ಯವಸ್ಥೆಯಲ್ಲಿ ಡೀಸೆಲೇ ಪಂಪಿಗೆ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ನೀರು ಅಥವಾ ಕಲಬೆರಕೆ ಸೇರಿದರೆ ಮೊದಲು ಸವೆಯುವುದು ಪಂಪು, ಅನಂತರ ಇಂಜೆಕ್ಟರು.

ಮಾರ್ಪಾಡಿನ ಬಗೆಗಳು

ಮಾರುಕಟ್ಟೆಯಲ್ಲಿರುವ ಮಾರ್ಪಾಡುಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಟ್ಯೂನಿಂಗ್ ಪೆಟ್ಟಿಗೆ. ರೈಲಿನ ಒತ್ತಡ ಅಳೆಯುವ ಸೆನ್ಸರಿನ ವೈರಿನಲ್ಲಿ ಇದನ್ನು ಸಿಕ್ಕಿಸಲಾಗುತ್ತದೆ. ನಿಜವಾದ ಒತ್ತಡಕ್ಕಿಂತ ಕಡಿಮೆ ಒತ್ತಡವಿದೆ ಎಂದು ಅದು ಕಂಪ್ಯೂಟರಿಗೆ ಸುಳ್ಳು ವರದಿ ಕೊಡುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಒಳಹೋಗುತ್ತದೆ. ಅಗ್ಗವಾದುದು ಮತ್ತು ಸುಲಭವಾಗಿ ಬಿಚ್ಚಬಹುದಾದುದು ಎಂಬುದು ಇದರ ಆಕರ್ಷಣೆ. ಪಂಪು ಮತ್ತು ರೈಲು ತಮ್ಮ ಮಿತಿಯ ಅಂಚಿನಲ್ಲಿ ದುಡಿಯುತ್ತವೆ, ಮತ್ತು ಕಾವಲುಗಾರನಾಗಬೇಕಿದ್ದ ಕಂಪ್ಯೂಟರಿಗೆ ನಿಜಸ್ಥಿತಿಯೇ ತಿಳಿದಿರುವುದಿಲ್ಲ ಎಂಬುದು ಇದರ ದೋಷ.

ಎರಡನೆಯದು ರೀಮ್ಯಾಪ್, ಅಂದರೆ ಇಸಿಯು ತಂತ್ರಾಂಶವನ್ನೇ ತಿದ್ದುವುದು. ಇಂಧನದ ಪ್ರಮಾಣ, ಚಿಮ್ಮುವ ಸಮಯ, ಟರ್ಬೊ ಒತ್ತಡ, ಹೊಗೆಯ ಮಿತಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಬದಲಿಸಬಹುದಾದುದರಿಂದ ತಾಂತ್ರಿಕವಾಗಿ ಇದು ಪೆಟ್ಟಿಗೆಗಿಂತ ಮೇಲು. ಆದರೆ ಮಾಡುವವರ ಜ್ಞಾನದಷ್ಟೇ ಅದರ ಬೆಲೆ. ಬೇರೊಂದು ವಾಹನಕ್ಕೆಂದು ಬರೆದ ಕಡತವನ್ನು ತಂದು ತುಂಬಿದರೆ ಎಂಜಿನ್ ಉಳಿಯುವುದು ಅದೃಷ್ಟದ ಮಾತು.

ಮೂರನೆಯದು ದೊಡ್ಡ ಇಂಜೆಕ್ಟರ್ ಮತ್ತು ಹೆಚ್ಚು ಸಾಮರ್ಥ್ಯದ ಪಂಪ್. ನಾಝಲಿನ ತೂತು ದೊಡ್ಡದಾದಂತೆ ಡೀಸೆಲಿನ ಹನಿಗಳೂ ದಪ್ಪವಾಗುವ ಸಂಭವವಿದೆ. ಇಸಿಯು ಲೆಕ್ಕವನ್ನು ತಿದ್ದದೆ ಇವನ್ನು ಜೋಡಿಸಿದರೆ ಐಡ್ಲಿಂಗ್ ಒರಟಾಗುತ್ತದೆ, ಹೊಗೆ ಹೆಚ್ಚುತ್ತದೆ. ಇಂಜೆಕ್ಟರ್ ದೊಡ್ಡದಾಗಿ ಪಂಪು ಹಳೆಯದೇ ಉಳಿದರೆ ಎಂಜಿನ್ನಿಗೆ ಭಾರ ಬಿದ್ದಾಗ ರೈಲಿನ ಒತ್ತಡ ಕುಸಿಯುತ್ತದೆ.

ನಾಲ್ಕನೆಯದು ದೊಡ್ಡ ಟರ್ಬೊ. ಐದನೆಯದು ದೊಡ್ಡ ಇಂಟರ್‌ಕೂಲರ್, ಅಗಲವಾದ ಹೊಗೆಕೊಳವೆ ಮತ್ತು ಗಾಳಿ ಸರಾಗವಾಗಿ ಹರಿಯುವ ಫಿಲ್ಟರ್ ಮೊದಲಾದ ಪೂರಕ ಬದಲಾವಣೆಗಳು.

ದೊಡ್ಡದೆಲ್ಲ ಒಳ್ಳೆಯದಲ್ಲ

ಭಾರ ಹೊರುವ ಪಿಕಪ್‌ಗೆ ದೊಡ್ಡ ಟರ್ಬೊ ಹಾಕಿದರೆ ಘಾಟಿಯಲ್ಲಿ ಎಳೆತ ಹೆಚ್ಚುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅನೇಕ ಸಂದರ್ಭಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ.

ದೊಡ್ಡ ಚಕ್ರವನ್ನು ತಿರುಗಿಸಲು ಹೆಚ್ಚು ಹೊಗೆ ಬೇಕು. ಕಡಿಮೆ ಸುತ್ತಿನಲ್ಲಿ ಎಂಜಿನ್ ಅಷ್ಟು ಹೊಗೆಯನ್ನು ಕೊಡಲಾರದು. ಪರಿಣಾಮವಾಗಿ ಆಕ್ಸಿಲರೇಟರ್ ಒತ್ತಿದ ಮೇಲೆ ಟರ್ಬೊ ಎಚ್ಚರಗೊಳ್ಳುವವರೆಗೆ ಕಾಯಬೇಕು. ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಎದುರಿನಿಂದ ಬಸ್ಸು ಬಂದಾಗ ನಿಂತು, ಮತ್ತೆ ಮೊದಲ ಗೇರಿನಲ್ಲಿ ಹೊರಡಬೇಕಾದ ಗಾಡಿಗೆ ಬೇಕಾದುದು ನಿಮಿಷಕ್ಕೆ 1400ರಿಂದ 2200 ಸುತ್ತಿನ ನಡುವಿನ ಎಳೆತ. ದೊಡ್ಡ ಟರ್ಬೊ ಅದನ್ನೇ ಕಸಿದುಕೊಂಡು, ಪಿಕಪ್ ವಿರಳವಾಗಿ ತಲುಪುವ ಮೇಲಿನ ಸುತ್ತುಗಳಲ್ಲಿ ಶಕ್ತಿ ಕೊಡುತ್ತದೆ. ಓಟದ ಕಾರಿಗೆ ಇದು ಲಾಭ, ಮೀನಿನ ಗಾಡಿಗೆ ನಷ್ಟ.

ತಯಾರಕರು ಈ ಸಮಸ್ಯೆಯನ್ನು ಬೇರೆ ರೀತಿಯಲ್ಲಿ ಬಗೆಹರಿಸಿದ್ದಾರೆ. ಚಿಕ್ಕ ಟರ್ಬೊ ಇಟ್ಟು, ಒತ್ತಡ ಮಿತಿಮೀರಿದಾಗ ಹೊಗೆಯನ್ನು ಬದಿಯಿಂದ ಬಿಡುವ ವೇಸ್ಟ್‌ಗೇಟ್ ಜೋಡಿಸುವುದು ಒಂದು ದಾರಿ. ಹೊಗೆ ಹರಿಯುವ ಕಿಂಡಿಯ ರೆಕ್ಕೆಗಳನ್ನು ಕಡಿಮೆ ಸುತ್ತಿನಲ್ಲಿ ಕಿರಿದು ಮಾಡಿ, ಹೆಚ್ಚು ಸುತ್ತಿನಲ್ಲಿ ಅಗಲಿಸುವುದು ಇನ್ನೊಂದು ದಾರಿ. ಈ ಎರಡನೆಯ ಬಗೆಯನ್ನು ವೇರಿಯಬಲ್ ಜ್ಯಾಮಿತಿಯ ಟರ್ಬೊ ಎನ್ನುತ್ತಾರೆ.

ಶಾಖವೇ ಶತ್ರು

ಹೆಚ್ಚು ಇಂಧನ ಎಂದರೆ ಹೆಚ್ಚು ಶಾಖ. ಎಂಜಿನ್ನಿನಿಂದ ಟರ್ಬೊ ಚಕ್ರಕ್ಕೆ ಬರುವ ಹೊಗೆಯ ಉಷ್ಣತೆ ಪೂರ್ಣ ಭಾರದಲ್ಲಿ 700 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಆದರೂ ಪಿಸ್ಟನ್ ಕರಗದಿರಲು ಕಾರಣವಿದೆ. ಬಿಸಿ ಅನಿಲ ಅದನ್ನು ತಾಗುವುದು ಕ್ಷಣಮಾತ್ರ. ಮರುಕ್ಷಣವೇ ಹೊಸ ಗಾಳಿ ಒಳಬರುತ್ತದೆ, ಕೆಳಗಿನಿಂದ ಆಯಿಲ್ ತಣಿಸುತ್ತದೆ. ಈ ಸಮತೋಲನ ತಪ್ಪಿದಾಗ ಪಿಸ್ಟನ್ನಿನ ಅಂಚು ಕರಗುತ್ತದೆ ಅಥವಾ ಸಿಲಿಂಡರ್ ಹೆಡ್ ಬಿರುಕು ಬಿಡುತ್ತದೆ.

ಸಮತಟ್ಟು ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ಎಂಜಿನ್ ಪೂರ್ಣ ಭಾರ ಹೊರುವುದು ಕೆಲವೇ ಸೆಕೆಂಡು. ಘಾಟಿಯಲ್ಲಿ ಅದೇ ಭಾರ ಹತ್ತಾರು ನಿಮಿಷ ಮುಂದುವರಿಯುತ್ತದೆ, ಗಾಡಿಯ ವೇಗವೂ ಕಡಿಮೆಯಿರುವುದರಿಂದ ರೇಡಿಯೇಟರಿಗೆ ಮತ್ತು ಇಂಟರ್‌ಕೂಲರಿಗೆ ಎದುರುಗಾಳಿ ಸಿಗುವುದಿಲ್ಲ. ಮಾರ್ಪಾಡಾದ ಗಾಡಿ ಸಾಸ್ತಾನದಿಂದ ಕುಂದಾಪುರದವರೆಗೆ ಚೆನ್ನಾಗಿ ಓಡಿತೆಂಬುದು ಘಾಟಿಯಲ್ಲೂ ಉಳಿದೀತು ಎಂಬುದಕ್ಕೆ ಸಾಕ್ಷಿಯಲ್ಲ.

ಎಂಜಿನ್ನಿನ ಆಚೆಗೂ ಹೊರೆ ಇದೆ. ಹೆಚ್ಚಿದ ತಿರುಚುಬಲವನ್ನು ಮೊದಲು ಹೊರಬೇಕಾದುದು ಕ್ಲಚ್, ಅನಂತರ ಗೇರ್‌ಬಾಕ್ಸ್, ಜಾಯಿಂಟ್ ಮತ್ತು ಹಿಂದಿನ ಡಿಫರೆನ್ಷಿಯಲ್. ಇವೆಲ್ಲವೂ ಮೂಲ ಎಂಜಿನ್ನಿಗೆ ತಕ್ಕಂತೆ ರೂಪಿಸಿದವು.

ಘಾಟಿಯ ಲೆಕ್ಕ ಏನನ್ನುತ್ತದೆ?

ಸರಕೂ ಸೇರಿ ಒಟ್ಟು 3 ಟನ್ ತೂಗುವ ಪಿಕಪ್ ಒಂದು, 15 ಅಡಿಗೆ 1 ಅಡಿ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದೆ ಎಂದಿಟ್ಟುಕೊಳ್ಳೋಣ. ಏರಿನ ಎಳೆತ ಮತ್ತು ಟಯರಿನ ಉರುಳುವ ತಡೆ ಎರಡನ್ನೂ ಕೂಡಿದರೆ ಚಕ್ರಗಳಿಗೆ ಬೇಕಾದ ಶಕ್ತಿ ಸುಮಾರು 26 ಅಶ್ವಶಕ್ತಿ. ಗೇರು ಮತ್ತು ಡಿಫರೆನ್ಷಿಯಲ್‌ಗಳ ನಷ್ಟ ಸೇರಿಸಿದರೆ 30ರ ಆಸುಪಾಸು. ಈ ವರ್ಗದ ಆರೋಗ್ಯವಂತ ಟರ್ಬೊ ಡೀಸೆಲ್ ಎಂಜಿನ್ ಇದರ ಎರಡರಷ್ಟು ಶಕ್ತಿಯನ್ನು ಕೊಡಬಲ್ಲದು.

ಅದೇ ಗಾಡಿಯ ಒಟ್ಟು ತೂಕವನ್ನು 4.5 ಟನ್‌ಗೆ ಏರಿಸಿದರೆ ಬೇಕಾದ ಶಕ್ತಿ ಒಂದೂವರೆ ಪಟ್ಟಾಗುತ್ತದೆ. ತಿರುವುಗಳಲ್ಲಿ ಏರು ಇನ್ನೂ ಕಡಿದಾಗಿರುವುದರಿಂದ ಎಂಜಿನ್ ಅಲ್ಲಿ ಸೋಲುತ್ತದೆ. ಅಂದರೆ ಬಹಳಷ್ಟು ‘ಪಿಕಪ್ ಇಲ್ಲ’ ಎಂಬ ದೂರುಗಳ ಮೂಲ ಟರ್ಬೊದಲ್ಲಿಲ್ಲ, ಹಿಂದಿನ ತೊಟ್ಟಿಯಲ್ಲಿದೆ.

ಹತ್ತಿದ ಗಾಡಿ ಇಳಿಯಲೂ ಬೇಕು. ಘಾಟಿಯ ಎತ್ತರ 600 ಮೀಟರ್ ಎಂದುಕೊಂಡರೆ, 3 ಟನ್ನಿನ ಗಾಡಿ ಇಳಿದು ಬರುವಾಗ ಬ್ರೇಕು, ಎಂಜಿನ್ ಮತ್ತು ಟಯರುಗಳು ಸೇರಿ ಅರಗಿಸಿಕೊಳ್ಳಬೇಕಾದ ಶಕ್ತಿಯು ಸುಮಾರು 60 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. 4.5 ಟನ್ನಾದರೆ 90 ಲೀಟರ್. ಟರ್ಬೊ ಬದಲಿಸಿದ ಮಾತ್ರಕ್ಕೆ ಬ್ರೇಕು ಬದಲಾಗುವುದಿಲ್ಲ. ಹೆಚ್ಚು ಶಕ್ತಿಯ ಧೈರ್ಯದಲ್ಲಿ ಹೆಚ್ಚು ಭಾರ ಹೇರಿ ಮೇಲಕ್ಕೆ ಹೋದ ಗಾಡಿ, ಅಷ್ಟೇ ಭಾರದ ಬಾಡಿಗೆಯೊಂದಿಗೆ ಹಳೆಯ ಬ್ರೇಕಿನ ಮೇಲೆಯೇ ಇಳಿಯಬೇಕು. ಇಲ್ಲಿ ಪಣಕ್ಕಿರುವುದು ಎಂಜಿನ್ ಅಲ್ಲ, ಪ್ರಾಣ.

ಕಳೆದುಹೋದ ಎಳೆತವನ್ನು ಹುಡುಕುವುದು

ಹೊಸದಾಗಿದ್ದಾಗ ಇದ್ದ ಎಳೆತ ಈಗ ಇಲ್ಲವೆಂದಾದರೆ ಅದು ಎಲ್ಲಿ ಸೋರಿಹೋಯಿತೆಂದು ಹುಡುಕುವುದು ಮೊದಲ ಕೆಲಸ. ಇದಕ್ಕೆ ಹೊಗೆಯ ಬಣ್ಣವೇ ದಾರಿ ತೋರಿಸುತ್ತದೆ.

ಎಳೆತವಿಲ್ಲ, ಕಪ್ಪು ಹೊಗೆ ಇದೆ ಎಂದಾದರೆ ಕೊರತೆಯಿರುವುದು ಗಾಳಿಗೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಇಂಟರ್‌ಕೂಲರಿನ ರಬ್ಬರ್ ಪೈಪು ಬಿರಿದಿರಬಹುದು, ಟರ್ಬೊವನ್ನು ನಿಯಂತ್ರಿಸುವ ನಿರ್ವಾತ ಕೊಳವೆ ಕಳಚಿರಬಹುದು ಅಥವಾ ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು. ಎಂಜಿನ್ ಭಾರ ಹೊತ್ತಾಗ ‘ಸುಯ್’ ಎಂಬ ಸದ್ದು ಕೇಳಿದರೆ ಗಾಳಿ ಸೋರುತ್ತಿದೆ ಎಂದು ಶಂಕಿಸಬೇಕು.

ಎಳೆತವೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ ಕೊರತೆ ಡೀಸೆಲಿಗೆ. ಫಿಲ್ಟರ್ ಕಟ್ಟಿರುವುದು, ಟ್ಯಾಂಕಿನಿಂದ ಬರುವ ಕೊಳವೆಯಲ್ಲಿ ಗಾಳಿ ಸೇರಿರುವುದು ಅಥವಾ ದೋಷ ಕಂಡ ಕಂಪ್ಯೂಟರ್ ಎಂಜಿನ್ನಿನ ಶಕ್ತಿಯನ್ನು ತಾನೇ ತಗ್ಗಿಸಿರುವುದು ಇದಕ್ಕೆ ಸಾಮಾನ್ಯ ಕಾರಣಗಳು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಜೆಕ್ಟರಿನಲ್ಲಿ ದೋಷ ಅಥವಾ ಸಿಲಿಂಡರಿಗೆ ನೀರು ಸೇರುತ್ತಿರುವ ಸಂಶಯ. ಇವೆಲ್ಲ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಕ್ಲಚ್ ಜಾರುತ್ತಿದೆಯೇ, ಬ್ರೇಕು ಹಿಡಿದುಕೊಂಡಿದೆಯೇ, ಟಯರಿನಲ್ಲಿ ಗಾಳಿ ಇದೆಯೇ ಎಂದೂ ನೋಡಬೇಕು.

ಕರಾವಳಿಗೆ ಅದರದೇ ಆದ ಸಮಸ್ಯೆಗಳಿವೆ. ಉಪ್ಪುಗಾಳಿ ಮತ್ತು ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ಪೈಪಿನ ಕ್ಲಿಪ್ಪು, ಸೆನ್ಸರಿನ ಕನೆಕ್ಟರು ಮತ್ತು ಡೀಸೆಲ್ ಟ್ಯಾಂಕನ್ನು ತುಕ್ಕು ಹಿಡಿಸುತ್ತವೆ. ಮಳೆಗಾಲದ ತೇವ ಟ್ಯಾಂಕಿನೊಳಗೆ ನೀರಾಗಿ ಇಳಿಯುತ್ತದೆ. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ ಬಿಡುವುದು ಐದು ನಿಮಿಷದ ಕೆಲಸ, ಅದನ್ನು ಮರೆತರೆ ಹಾಳಾಗುವುದು ಅಧಿಕ ಒತ್ತಡದ ದುಬಾರಿ ಪಂಪು.

ಟರ್ಬೊ ಹಾಳಾಗಲು ಬಹುಮಟ್ಟಿಗೆ ಕಾರಣ ಟರ್ಬೊ ಅಲ್ಲ, ಆಯಿಲು. ಕೊಳೆತ ಆಯಿಲು, ಕಟ್ಟಿದ ಆಯಿಲ್ ಕೊಳವೆ, ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸುವ ಅಭ್ಯಾಸ ಅದನ್ನು ಕೊಲ್ಲುತ್ತವೆ. ಆರಿಸುವ ಮುನ್ನ ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟರೆ ದಂಡದ ಶಾಖವನ್ನು ಆಯಿಲ್ ಹೊತ್ತೊಯ್ಯುತ್ತದೆ. ಹಾಳಾದ ಟರ್ಬೊ ಬದಲಿಸುವಾಗ ಮೂಲ ಕಾರಣವನ್ನು ಸರಿಪಡಿಸದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಬಿಎಸ್-6 ತಂದ ಬದಲಾವಣೆ

ದೇಶದಾದ್ಯಂತ 2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮಗಳು ಜಾರಿಗೆ ಬಂದವು. ಡೀಸೆಲಿನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಬಿಎಸ್-6 ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜರಡಿ ಸೇರಿಕೊಂಡಿತು. ಜರಡಿ ತುಂಬಿದಾಗ ಎಂಜಿನ್ ಹೆಚ್ಚು ಬಿಸಿ ಹುಟ್ಟಿಸಿ ಮಸಿಯನ್ನು ಸುಡುತ್ತದೆ.

ಇಂಥ ಗಾಡಿಗೆ ಹೆಚ್ಚುವರಿ ಇಂಧನ ಸುರಿದರೆ ಮಸಿ ಹೆಚ್ಚುತ್ತದೆ, ಜರಡಿ ಬೇಗ ತುಂಬುತ್ತದೆ, ಮತ್ತೆ ಮತ್ತೆ ಸುಡುವ ಪ್ರಕ್ರಿಯೆಯಲ್ಲಿ ಡೀಸೆಲ್ ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ. ತೆಳುವಾದ ಆಯಿಲ್ ಟರ್ಬೊವನ್ನು ಸವೆಸುತ್ತದೆ. ಈ ತೊಡಕಿನಿಂದ ಪಾರಾಗಲು ಕೆಲವರು ಜರಡಿಯನ್ನೇ ಕಿತ್ತು, ಕಂಪ್ಯೂಟರಿಗೆ ಅದರ ನೆನಪಾಗದಂತೆ ತಂತ್ರಾಂಶ ತಿದ್ದುವುದುಂಟು. ಇದು ಮಾರ್ಪಾಡಲ್ಲ, ನೇರ ನಿಯಮಭಂಗ.

ಅಮೆರಿಕದ ಅನುಭವ ಇಲ್ಲಿ ಪಾಠವಾಗಬಲ್ಲದು. ಡೀಸೆಲ್ ಪಿಕಪ್‌ಗಳನ್ನು ಬಲಪಡಿಸುವುದು ಅಲ್ಲಿ ದೊಡ್ಡ ಉದ್ಯಮ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅದಕ್ಕೂ ಹಿಂದಿನ ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ನಿಯಂತ್ರಣ ಸಾಧನಗಳನ್ನು ಕಿತ್ತುಹಾಕಲಾಗಿತ್ತು. ಆ ಗಾಡಿಗಳ ಮಸಿ ಮತ್ತು ಸಾರಜನಕದ ಆಕ್ಸೈಡುಗಳು ಸೇರಿದ್ದು ಊರಿನವರು ಉಸಿರಾಡುವ ಗಾಳಿಯನ್ನೇ. ಹೆದ್ದಾರಿಯ ಇಕ್ಕೆಲಗಳಲ್ಲಿ ಶಾಲೆ, ಮನೆ, ಅಂಗಡಿಗಳಿರುವ ನಮ್ಮ ಪೇಟೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಕಾನೂನಿನ ನಿಲುವು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದುದಕ್ಕಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಲುವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಹೊಗೆಯ ಮಿತಿ ಮೀರಿದರೆ 190ನೇ ಕಲಮಿನಡಿ ಮೊದಲ ಬಾರಿಗೆ ಮೂರು ತಿಂಗಳವರೆಗಿನ ಸೆರೆವಾಸ ಅಥವಾ 10 ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡೂ, ಜತೆಗೆ ಮೂರು ತಿಂಗಳು ಚಾಲನಾ ಪರವಾನಗಿಯ ಅನರ್ಹತೆಗೆ ಅವಕಾಶವಿದೆ. ಮಿತಿಮೀರಿದ ಭಾರಕ್ಕೆ 194ನೇ ಕಲಮಿನಡಿ 20 ಸಾವಿರ ರೂಪಾಯಿ ದಂಡ, ಹೆಚ್ಚುವರಿಯಾದ ಪ್ರತಿ ಟನ್ನಿಗೆ ಇನ್ನೂ 2 ಸಾವಿರ ರೂಪಾಯಿ.

ಸರಕು ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಯೋಗ್ಯತಾ ಪ್ರಮಾಣಪತ್ರ ಪಡೆಯಬೇಕು. ಮಾರ್ಪಾಡಾದ ಗಾಡಿ ಅಲ್ಲಿ ಸಿಕ್ಕಿಬೀಳಬಹುದು. ಅದಕ್ಕಿಂತ ದೊಡ್ಡ ತೊಂದರೆ ವಿಮೆಯದು. ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ಪತ್ತೆಯಾದರೆ ಪರಿಹಾರದ ಅರ್ಜಿ ತಕರಾರಿಗೆ ಗುರಿಯಾಗಬಹುದು. ಗಾಡಿಯ ಮೇಲೆ ಸಾಲವಿರುವಾಗ ವಿಮೆ ಕೈಕೊಟ್ಟರೆ ಗಾಡಿ ಹೋದರೂ ಕಂತು ಉಳಿಯುತ್ತದೆ. ತಯಾರಕರ ವಾರಂಟಿ ಇದ್ದರೆ ಅದೂ ಕೈತಪ್ಪುವುದು ಬಹುತೇಕ ಖಚಿತ.

ಹಾಳಾದ ಟರ್ಬೊ, ಪಂಪು ಅಥವಾ ಇಂಜೆಕ್ಟರನ್ನು ಅದೇ ಮಾದರಿಯ, ಅದೇ ಸಂಖ್ಯೆಯ ಬಿಡಿಭಾಗದಿಂದ ಬದಲಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಅದಕ್ಕೆ ಅಡ್ಡಿಯಿಲ್ಲ. ಎಂಜಿನ್ನನ್ನೇ ಬದಲಿಸುವುದಾದರೆ ಉಡುಪಿಯ ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿ ಮೊದಲೇ ಬೇಕು.

ಗ್ಯಾರೇಜಿಗೆ ಹೋಗುವ ಮುನ್ನ

ಎಳೆತ ಕಡಿಮೆಯಾಗಿದೆ ಎನಿಸಿದವರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಗಾಡಿಯನ್ನು ಲೋಡು ಸಹಿತ ತೂಕದ ಯಂತ್ರದ ಮೇಲೆ ನಿಲ್ಲಿಸಿ, ನೋಂದಣಿ ಪತ್ರದಲ್ಲಿರುವ ಒಟ್ಟು ತೂಕದೊಂದಿಗೆ ಹೋಲಿಸಬೇಕು. ಅನಂತರ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಮತ್ತು ಆಯಿಲ್ ಬದಲಿಸಿ ನೋಡಬೇಕು. ಇಂಟರ್‌ಕೂಲರ್ ಪೈಪುಗಳ ಸೋರಿಕೆ ಪರೀಕ್ಷೆ, ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳ ಸ್ಕ್ಯಾನಿಂಗ್, ಟರ್ಬೊ ಒತ್ತಡದ ಅಳತೆ ಮೂರನೆಯ ಹಂತ. ಇಂಜೆಕ್ಟರುಗಳನ್ನು ಅಧಿಕೃತ ಪಂಪು ಕೇಂದ್ರದಲ್ಲಿ ಯಂತ್ರದ ಮೇಲೆ ಪರೀಕ್ಷಿಸುವುದು ನಾಲ್ಕನೆಯದು. ಟರ್ಬೊ ಬದಲಿಸಲೇಬೇಕೆಂದು ಮೆಕ್ಯಾನಿಕ್ ಹೇಳಿದರೆ ಹಳೆಯದು ಏಕೆ ಹಾಳಾಯಿತೆಂದು ಕೇಳಿ ತಿಳಿಯಬೇಕು, ಬಿಡಿಭಾಗದ ಸಂಖ್ಯೆಯಿರುವ ಬಿಲ್ಲು ಪಡೆಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ದಿನನಿತ್ಯದ ಹೊರೆಗೆ ಗಾಡಿ ಸಾಲದೆನಿಸಿದರೆ, ಅದರ ಅರ್ಥ ಗಾಡಿ ಚಿಕ್ಕದಾಯಿತು ಎಂದು. ಆಗ ಹೆಚ್ಚು ಭಾರಕ್ಕೆಂದೇ ರೂಪಿಸಿದ, ಬ್ರೇಕು, ಆಕ್ಸಲ್ ಮತ್ತು ಟಯರುಗಳೂ ಅದಕ್ಕೆ ತಕ್ಕಂತಿರುವ ದೊಡ್ಡ ವಾಹನಕ್ಕೆ ಬದಲಾಗುವುದು ಅಥವಾ ಒಂದು ಲೋಡನ್ನು ಎರಡು ಬಾಡಿಗೆಯಾಗಿ ಒಯ್ಯುವುದು ಸರಿಯಾದ ಲೆಕ್ಕ. ಟರ್ಬೊ ಬದಲಿಸುವ ಖರ್ಚಿನ ಜತೆಗೆ ಕ್ಲಚ್, ದಂಡ, ವಿಮೆ ಮತ್ತು ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆಯನ್ನೂ ಕೂಡಿ ನೋಡಿದವರಿಗೆ ಈ ಮಾತಿನ ಮರ್ಮ ತಿಳಿಯುತ್ತದೆ.